ಇಳಿಜಾರಿನ ಪರೀಕ್ಷೆ

ಗುಜರಿಗೆ ಬಿದ್ದ ಸೈಕಲ್ಲುಗಳ ಚಕ್ರ, ಚೈನು, ಚೌಕಟ್ಟುಗಳನ್ನು ಜೋಡಿಸಿ, ಸಣ್ಣ ವಿದ್ಯುತ್ ಮೋಟಾರೊಂದನ್ನು ಅಳವಡಿಸಿ ಮೂರು ಚಕ್ರದ ಗಾಡಿ ಕಟ್ಟುವುದು ಮಲೆನಾಡಿನ ಯುವಕರಿಗೆ ಅಸಾಧ್ಯವೇನಲ್ಲ. ಅಡಿಕೆ, ಸೊಪ್ಪು, ಗೊಬ್ಬರಗಳನ್ನು ತಲೆಹೊರೆಯಲ್ಲಿ ಸಾಗಿಸುವ ಮನೆಗಳಿಗೆ ಇದು ಉಪಕಾರಿ. ದೊಡ್ಡ ವಾಹನ ಬರಲೆಂದು ಗುಡ್ಡ ಕಡಿದು ದಾರಿ ಅಗಲಿಸುವ ಅಗತ್ಯವನ್ನೂ ಅದು ತಗ್ಗಿಸೀತು.

ಶಕ್ತಿಯ ಲೆಕ್ಕ ಸರಳ. ಗಾಡಿ, ಹೊರೆ ಸೇರಿ 150 ಕಿಲೋ ತೂಕವನ್ನು ಹತ್ತಡಿಗೆ ಒಂದಡಿ ಏರುವ ದಾರಿಯಲ್ಲಿ ಗಂಟೆಗೆ 5 ಕಿಲೋಮೀಟರ್ ವೇಗದಲ್ಲಿ ಒಯ್ಯಲು, ಏರಿಗೆಂದೇ ಸುಮಾರು 200 ವ್ಯಾಟ್ ಬೇಕು. ಚಾಲಕನು ಪಕ್ಕದಲ್ಲಿ ನಡೆದರೆ ಸಣ್ಣ ಮೋಟಾರೇ ಸಾಕು.

ಆದರೆ ಏರಿದ್ದು ಇಳಿಯಲೇಬೇಕು. ಆ ಶಕ್ತಿಯನ್ನು ಆಗ ಬ್ರೇಕು ತಡೆದುಕೊಳ್ಳಬೇಕು. ಮಳೆಗಾಲದಲ್ಲಿ ಒದ್ದೆ ರಿಮ್ಮಿನ ಮೇಲೆ ರಬ್ಬರಿನ ಹಿಡಿತ ತೀರ ಕಡಿಮೆ. ಮೇಲಾಗಿ, ತಿರುವಿನಲ್ಲಿ ಸೈಕಲ್ಲು ವಾಲುತ್ತದೆ, ಮೂರು ಚಕ್ರದ ಗಾಡಿ ವಾಲದು. ಅಡ್ಡ ಒತ್ತಡಕ್ಕೆ ಕಡ್ಡಿಗಳು ಸಡಿಲಿ ಚಕ್ರ ಸೊಟ್ಟಗಾಗುತ್ತದೆ. ಎತ್ತರಕ್ಕೆ ಹೇರಿದ ಹೊರೆ ಗಾಡಿಯನ್ನೇ ಮಗುಚುತ್ತದೆ. ಹಿಂಬದಿಗೆ ಹಳೆಯ ಮೊಪೆಡ್ಡಿನ ಚಕ್ರಗಳನ್ನೂ ಅದರ ಡ್ರಮ್ ಬ್ರೇಕುಗಳನ್ನೂ ಹಾಕಿ, ಹೊರೆಯನ್ನು ತಗ್ಗಿನಲ್ಲಿರಿಸುವುದು ವಿವೇಕ.

ಉತ್ತರ ಭಾರತದ ‘ಜುಗಾಡ್’ ಗಾಡಿಗಳೂ ಮೋಟಾರು ವಾಹನ ಕಾಯಿದೆಗೆ ಒಳಪಡುತ್ತವೆಂದು ಸರ್ವೋಚ್ಚ ನ್ಯಾಯಾಲಯವು 2013ರಲ್ಲಿ ತೀರ್ಪಿತ್ತಿತು. ಆದ್ದರಿಂದ ಮನೆಯಲ್ಲಿ ಕಟ್ಟಿದ ಗಾಡಿಗೆ ತೋಟದ ದಾರಿಯೇ ಮೇರೆ.

ವಿದ್ಯಾರ್ಥಿಗಳು ಇದನ್ನು ಅವಶ್ಯವಾಗಿ ಕಟ್ಟಲಿ. ಮೋಟಾರಿಗಿಂತ ಮೊದಲು ಬ್ರೇಕು ಜೋಡಿಸಲಿ. ಮರಳಿನ ಚೀಲ ತುಂಬಿದ ಗಾಡಿಯನ್ನು ಒದ್ದೆ ಇಳಿಜಾರಿನಲ್ಲಿ ನಿಲ್ಲಿಸಿ ತೋರಿಸಲಿ. ಅಡಿಕೆ ಹೇರುವುದು ಆಮೇಲೆ.