ಕಾಣದ ನಾಳೆಯನ್ನು ಕಾಣುವ ಕಣ್ಣು



ಮನೆಯ ಮಗನಿಗೋ ಮಗಳಿಗೋ ಎಂಜಿನಿಯರಿಂಗ್ ಕಾಲೇಜಿನಲ್ಲಿ ಸೀಟು ದೊರೆತರೆ ನಾವು ನೆರೆಹೊರೆಯವರಿಗೆಲ್ಲ ಸಿಹಿ ಹಂಚುತ್ತೇವೆ. ಅದೇ ಮಗು ಪಠ್ಯಪುಸ್ತಕವನ್ನು ಪಕ್ಕಕ್ಕಿಟ್ಟು, ಇನ್ನೂ ಬಾರದ ಕಾಲವನ್ನೂ ಯಾರೂ ಕಾಣದ ಯಂತ್ರಗಳನ್ನೂ ಕುರಿತು ಕಥೆ ಬರೆಯತೊಡಗಿದರೆ ‘ಇದೇನು ಹುಚ್ಚು’ ಎನ್ನುತ್ತೇವೆ. ಮುಂದೊಂದು ದಿನ ‘ಚುನಾವಣೆಗೆ ನಿಲ್ಲುತ್ತೇನೆ’ ಎಂದಿತೆಂದರೆ ಆ ಮನೆಯಲ್ಲಿ ಅಂದು ಒಲೆಯೇ ಉರಿಯುವುದಿಲ್ಲ. ವಿದ್ಯೆ ಹೊಟ್ಟೆಪಾಡಿಗೆ, ಕಥೆ ಕಾಲಹರಣಕ್ಕೆ, ರಾಜಕಾರಣ ಕೆಟ್ಟವರಿಗೆ ಎಂಬ ವಿಂಗಡಣೆ ನಮ್ಮಲ್ಲಿ ಬಲವಾಗಿ ಬೇರೂರಿದೆ.

ಈ ವಿಂಗಡಣೆ ಸರಿಯೆ ಎಂಬುದನ್ನು ಈ ತಿಂಗಳು ಪರಿಶೀಲಿಸೋಣ. ಎಂಜಿನಿಯರ್ ಕೇಳುವ ಪ್ರಶ್ನೆ ‘ಹೇಗೆ ಮಾಡುವುದು?’ ಎಂಬುದು. ವಿಜ್ಞಾನ ಕಥೆ ಬರೆಯುವವನ ಪ್ರಶ್ನೆ ‘ಹೀಗಾದರೆ ಏನು?’ ಎಂಬುದು. ರಾಜಕಾರಣಿ ಕೇಳಬೇಕಾದ ಪ್ರಶ್ನೆ ‘ಇದರಿಂದ ಯಾರಿಗೆ ಏನಾಗುತ್ತದೆ?’ ಎಂಬುದು. ಈ ಮೂರು ಪ್ರಶ್ನೆಗಳು ಒಂದೆಡೆ ಕೂಡಿದಾಗ ನಾಡಿಗೆ ಬೆಳಕು ಬರುತ್ತದೆ. ಒಂದು ತಪ್ಪಿಹೋದರೂ ಜನ ಅದರ ಬೆಲೆಯನ್ನು ತೆರುತ್ತಾರೆ. ಇದಕ್ಕೆ ಸಾಕ್ಷಿಯನ್ನು ಹುಡುಕಿಕೊಂಡು ಬಹುದೂರ ಹೋಗಬೇಕಾಗಿಲ್ಲ. ಬಂಗಾರಪೇಟೆಯಲ್ಲಿ ಗಾಡಿ ಬದಲಿಸಿ ಮಾರಿಕುಪ್ಪಂ ಕಡೆಗೆ ಹೊರಟರೆ ಸಾಕು, ಕೋಲಾರದ ಚಿನ್ನದ ಗಣಿಗಳ ಊರೇ ಸಾಕ್ಷಿ ನುಡಿಯುತ್ತದೆ.

1880ರಲ್ಲಿ ಜಾನ್ ಟೇಲರ್ ಕಂಪನಿ ಇಲ್ಲಿಗೆ ಕಾಲಿಟ್ಟ ಮೇಲೆ ಗಣಿಗಳು ಆಳಕ್ಕಿಳಿದವು. ಆಳ ಹೆಚ್ಚಿದಂತೆ ನೀರೆತ್ತಲು, ಗಾಳಿ ಒದಗಿಸಲು, ಅದಿರನ್ನು ಪುಡಿ ಮಾಡಲು ಅಪಾರ ಶಕ್ತಿ ಬೇಕಾಯಿತು. ಉರುವಲನ್ನು ಸುಟ್ಟು ಎಷ್ಟು ಕಾಲ ನಡೆಸಲಾದೀತು? ಆಗ ಮೈಸೂರು ಸಂಸ್ಥಾನದ ಎಂಜಿನಿಯರ್ ಡಿ ಲಾಟ್ಬಿನಿಯರ್ ಅವರು ಶಿವನಸಮುದ್ರದಲ್ಲಿ ಧುಮುಕುವ ಕಾವೇರಿಯಿಂದ ವಿದ್ಯುತ್ತನ್ನು ಪಡೆದು, ಅದನ್ನು ತಂತಿಯ ಮೂಲಕ 147 ಕಿಲೋಮೀಟರು ದೂರದ ಈ ಗಣಿಗಳಿಗೆ ತರುವ ಯೋಜನೆಯನ್ನು ಮುಂದಿಟ್ಟರು. ನಮ್ಮ ನಾಡಿನ ಹಳ್ಳಿಗನಿಗೆ ಮಾತ್ರವಲ್ಲ, ಅಂದಿನ ವಿದ್ಯಾವಂತರಿಗೂ ಇದು ಕಟ್ಟುಕಥೆಯಂತೆ ಕೇಳಿಸಿದ್ದರೆ ಆಶ್ಚರ್ಯವಿಲ್ಲ. ದಿವಾನ್ ಶೇಷಾದ್ರಿ ಅಯ್ಯರ್ ಅವರು ಆ ಕಟ್ಟುಕಥೆಯನ್ನು ನಂಬಿದರು, ಸಂಸ್ಥಾನದ ಹಣವನ್ನು ಅದರ ಮೇಲೆ ತೊಡಗಿಸಿದರು. 1901ರಲ್ಲಿ ಅವರು ತೀರಿಕೊಂಡರು. 1902ರ ಜೂನ್ ತಿಂಗಳ ಕೊನೆಯಲ್ಲಿ ಗಣಿಗಳಿಗೆ ವಿದ್ಯುತ್ತು ಹರಿಯಿತು. ಅಂದು ಜಗತ್ತಿನ ಅತಿ ಉದ್ದದ ವಿದ್ಯುತ್ ಮಾರ್ಗಗಳಲ್ಲಿ ಇದೂ ಒಂದಾಗಿತ್ತು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು ಇದಾದ ಮೂರು ವರ್ಷಗಳ ಮೇಲೆ. ಎಂಜಿನಿಯರನ ಕನಸು, ಆಳುವವನ ಧೈರ್ಯ, ಇವೆರಡೂ ಕೂಡಿದ್ದರ ಫಲವಿದು.

ಇವೆರಡನ್ನೂ ಒಬ್ಬನೇ ಹೊತ್ತರೆ ಏನಾಗುತ್ತದೆ ಎಂಬುದಕ್ಕೂ ಇದೇ ಸೀಮೆಯ ನಿದರ್ಶನವಿದೆ. ಇಂದು ಚಿಕ್ಕಬಳ್ಳಾಪುರ ಜಿಲ್ಲೆಗೆ ಸೇರಿರುವ, ಅಂದು ಕೋಲಾರ ಜಿಲ್ಲೆಯದೇ ಆಗಿದ್ದ ಮುದ್ದೇನಹಳ್ಳಿಯಲ್ಲಿ ಜನಿಸಿದ ಸರ್ ಎಂ. ವಿಶ್ವೇಶ್ವರಯ್ಯನವರು 1909ರಲ್ಲಿ ಮೈಸೂರಿನ ಮುಖ್ಯ ಎಂಜಿನಿಯರ್ ಆದರು, 1912ರಲ್ಲಿ ದಿವಾನರಾದರು. ಬೇಸಿಗೆಯಲ್ಲಿ ಕಾವೇರಿ ಬಡವಾದಾಗ ಶಿವನಸಮುದ್ರದ ವಿದ್ಯುತ್ತೂ ಬಡವಾಗುತ್ತಿತ್ತು. ಕನ್ನಂಬಾಡಿ ಕಟ್ಟೆಯ ಉದ್ದೇಶಗಳಲ್ಲಿ ಮಂಡ್ಯದ ಗದ್ದೆಗಳಿಗೆ ನೀರುಣಿಸುವುದರ ಜೊತೆಗೆ ಕೋಲಾರದ ಗಣಿಗಳಿಗೆ ವರ್ಷವಿಡೀ ಕುಂದಿಲ್ಲದ ಶಕ್ತಿ ಒದಗಿಸುವುದೂ ಸೇರಿತ್ತೆಂಬುದನ್ನು ಬಹುಮಂದಿ ಮರೆತಿದ್ದಾರೆ. ವಿಶ್ವೇಶ್ವರಯ್ಯನವರು ಕಥೆಗಾರರಲ್ಲ. ಆದರೆ 1920ರಲ್ಲಿ ಭಾರತದ ಪುನರ್ನಿರ್ಮಾಣವನ್ನು ಕುರಿತೂ 1934ರಲ್ಲಿ ಯೋಜಿತ ಅರ್ಥವ್ಯವಸ್ಥೆಯನ್ನು ಕುರಿತೂ ಅವರು ಬರೆದ ಇಂಗ್ಲಿಷ್ ಗ್ರಂಥಗಳು ಇನ್ನೂ ಇಲ್ಲದ ಒಂದು ದೇಶವನ್ನು ಅಂಕಿ ಅಂಶಗಳಲ್ಲಿ ಚಿತ್ರಿಸಿದ ಗ್ರಂಥಗಳೇ.

ಆದರೂ ನಮ್ಮ ಓದುಗರು ಇನ್ನೊಂದು ಸಂಗತಿಯನ್ನೂ ಮನಸ್ಸಿಗೆ ತಂದುಕೊಳ್ಳಬೇಕು. ಸರ್ಕಾರಿ ಹುದ್ದೆಗಳಲ್ಲಿ ಹಿಂದುಳಿದ ವರ್ಗಗಳಿಗೆ ಪಾಲು ದೊರೆಯಬೇಕೆಂಬ ಕೂಗೆದ್ದಾಗ ನಾಲ್ವಡಿ ಕೃಷ್ಣರಾಜ ಒಡೆಯರು 1918ರಲ್ಲಿ ಮಿಲ್ಲರ್ ಸಮಿತಿಯನ್ನು ನೇಮಿಸಿದರು. ಆಡಳಿತದ ದಕ್ಷತೆ ಕುಂದೀತೆಂಬುದು ದಿವಾನರ ಆತಂಕ. ಬಾಗಿಲ ಹೊರಗೆ ನಿಂತವರನ್ನು ಒಳಗೆ ಕರೆಯಬೇಕೆಂಬುದು ಅರಸರ ನಿಲುವು. ಭಿನ್ನಾಭಿಪ್ರಾಯ ಬಲಿತು ಅದೇ ವರ್ಷದ ಕೊನೆಗೆ ವಿಶ್ವೇಶ್ವರಯ್ಯನವರು ಹುದ್ದೆಯನ್ನು ಬಿಟ್ಟರು. ಆ ಮಹಾಪುರುಷರ ಪ್ರಾಮಾಣಿಕತೆಯಲ್ಲಿ ಎಳ್ಳಷ್ಟೂ ಸಂಶಯವಿಲ್ಲ. ಆದರೆ ‘ಹೇಗೆ’ ಎಂಬ ಪ್ರಶ್ನೆಗೆ ಅಷ್ಟು ನಿಖರವಾಗಿ ಉತ್ತರಿಸಬಲ್ಲವರಿಗೂ ‘ಯಾರಿಗೆ’ ಎಂಬ ಪ್ರಶ್ನೆ ತೊಡಕಾಗಬಹುದೆಂಬುದನ್ನು ಈ ಪ್ರಸಂಗ ಕಲಿಸುತ್ತದೆ. ಆ ತೊಡಕನ್ನು ಬಿಡಿಸಲು ಪರರ ಸ್ಥಾನದಲ್ಲಿ ನಿಂತು ನೋಡುವ ಅಭ್ಯಾಸ ಬೇಕು. ಅದನ್ನು ಕಲಿಸುವುದು ಕಥೆ.

ಈ ಮಾತಿಗೆ ಪೂರಕವಾಗಿ ಬೆಂಗಳೂರಿನಲ್ಲಿ ದುಡಿದ ಒಬ್ಬ ಎಂಜಿನಿಯರರನ್ನು ನೆನೆಯುತ್ತೇವೆ. 1935ರಲ್ಲಿ ಜನಿಸಿ ಶ್ರೀರಂಗದಲ್ಲಿ ಬೆಳೆದ ಎಸ್. ರಂಗರಾಜನ್ ಅವರು ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯಲ್ಲಿ ಹಿರಿಯ ಅಧಿಕಾರಿಯಾಗಿದ್ದರು. ಹಗಲು ಯಂತ್ರಗಳ ಕೆಲಸ. ಉಳಿದ ಹೊತ್ತಿನಲ್ಲಿ ಪತ್ನಿಯ ಹೆಸರನ್ನೇ ಕಾವ್ಯನಾಮವಾಗಿ ಧರಿಸಿ ‘ಸುಜಾತಾ’ ಎಂದು ತಮಿಳಿನಲ್ಲಿ ಬರವಣಿಗೆ. ತಮಿಳಿನಲ್ಲಿ ವಿಜ್ಞಾನ ಕಥೆಗೆ ಮನೆಮನೆಯ ಓದುಗರನ್ನು ದೊರಕಿಸಿದವರು ಅವರು.

ಅವರ ‘ಎನ್ ಇನಿಯ ಇಯಂದಿರಾ’ ಕಾದಂಬರಿ 1980ರ ದಶಕದಲ್ಲಿ ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದು, ಬಳಿಕ ದೂರದರ್ಶನದಲ್ಲೂ ಮೂಡಿತು. ಕಥೆ ನಡೆಯುವುದು ಆಗಿನ್ನೂ ಬಹುದೂರವಿದ್ದ 2020ರ ದಶಕದಲ್ಲಿ. ದೇಶವನ್ನು ಜೀವಾ ಎಂಬ ಸರ್ವಾಧಿಕಾರಿ ಆಳುತ್ತಾನೆ. ಮಗುವನ್ನು ಹೆರಲೂ ಸರ್ಕಾರದ ಅಪ್ಪಣೆ ಬೇಕು. ಕಾಣೆಯಾದ ಗಂಡನನ್ನು ಹುಡುಕುವ ನಿಲಾ ಎಂಬ ಸಾಮಾನ್ಯ ಗೃಹಿಣಿಗೆ ಜೀನೋ ಎಂಬ ಯಂತ್ರದ ನಾಯಿ ಜೊತೆಯಾಗುತ್ತದೆ. ಕೊನೆಗೆ ಜನ ಕೈಮುಗಿಯುತ್ತಿದ್ದ ಆ ನಾಯಕನೇ ಯಂತ್ರ ಹುಟ್ಟಿಸಿದ ಪೊಳ್ಳು ಬಿಂಬವೆಂದು ತಿಳಿದುಬರುತ್ತದೆ. ಇಂದು ಕೈಯಲ್ಲಿರುವ ಫೋನಿನಲ್ಲಿ ಯಾರ ಮುಖಕ್ಕೆ ಯಾರ ಮಾತನ್ನಾದರೂ ಅಂಟಿಸಿ ತೋರಿಸುವ ಕಾಲದಲ್ಲಿ ಈ ಕಥೆ ಕೇವಲ ಮನರಂಜನೆ ಎನ್ನಲಾದೀತೆ?

ಇದೇ ವ್ಯಕ್ತಿ ಮತಯಂತ್ರದ ವಿನ್ಯಾಸ ಮತ್ತು ತಯಾರಿಕೆಯ ಮೇಲ್ವಿಚಾರಣೆ ವಹಿಸಿದ್ದರೆಂಬುದು ಇಲ್ಲಿ ಗಮನಾರ್ಹ. ಜನರ ಇಚ್ಛೆ ಕಸಿದುಹೋದ ನಾಡನ್ನು ಕಥೆಯಲ್ಲಿ ಕಂಡವರು ಜನರ ಇಚ್ಛೆಯನ್ನು ಎಣಿಸುವ ಯಂತ್ರದ ಕೆಲಸದಲ್ಲೂ ಕೈಜೋಡಿಸಿದರು. ಅವರು ಚುನಾವಣೆಗೆ ನಿಲ್ಲಲಿಲ್ಲ. ಅವರು ಕೈಗೂಡಿಸಿದ ಯಂತ್ರ ನಾಡಿನ ಚುನಾವಣೆಗಳಿಗೆಲ್ಲ ನಿಂತಿತು. ಆದರೆ ಯಂತ್ರ ಸಿದ್ಧವಾದರೆ ಸಾಲದು. 1982ರಲ್ಲಿ ಕೇರಳದ ಪರೂರಿನಲ್ಲಿ 50 ಮತಗಟ್ಟೆಗಳಲ್ಲಿ ಮೊದಲ ಬಾರಿ ಮತಯಂತ್ರವನ್ನು ಬಳಸಿದಾಗ, ಕಾನೂನಿನಲ್ಲಿ ಅದಕ್ಕೆ ಅವಕಾಶವಿಲ್ಲವೆಂದು 1984ರಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು. 1988ರಲ್ಲಿ ಸಂಸತ್ತು ಕಾಯಿದೆಯನ್ನು ತಿದ್ದಿದ ಮೇಲೆಯೇ ದಾರಿ ತೆರೆಯಿತು. 2004ರ ಲೋಕಸಭಾ ಚುನಾವಣೆಯಲ್ಲಿ ದೇಶವೆಲ್ಲ ಯಂತ್ರದಲ್ಲೇ ಮತ ಹಾಕಿತು. ಎಂಜಿನಿಯರನ ಕೆಲಸ ರಾಜಕಾರಣದ ಬಾಗಿಲನ್ನು ದಾಟದೆ ಜನರನ್ನು ಮುಟ್ಟದು ಎಂಬುದಕ್ಕೆ ಇದಕ್ಕಿಂತ ಬೇರೆ ಪ್ರಮಾಣ ಬೇಡ. ಸುಜಾತಾ ಅವರು 2008ರಲ್ಲಿ ನಿಧನರಾದರು.

ಮತ್ತೆ ಗಣಿಯೂರಿಗೆ ಮರಳೋಣ. ನ್ಯೂಟ್ರಿನೋ ಎಂಬ ಅತಿಸೂಕ್ಷ್ಮ ಕಣವನ್ನು 1930ರಲ್ಲಿ ಪೌಲಿ ಎಂಬ ವಿಜ್ಞಾನಿ ಮೊದಲು ಊಹಿಸಿದ್ದಷ್ಟೆ, ಕಂಡಿರಲಿಲ್ಲ. ಆಕಾಶದಿಂದ ಸುರಿಯುವ ಇತರ ಕಣಗಳನ್ನೆಲ್ಲ ಬಂಡೆ ತಡೆಯುತ್ತದೆ, ನ್ಯೂಟ್ರಿನೋ ಮಾತ್ರ ಭೂಮಿಯನ್ನೇ ತೂರಿ ಹೋಗುತ್ತದೆ; ಆದ್ದರಿಂದ ಅದನ್ನು ಹಿಡಿಯಲು ನೆಲದ ಆಳವೇ ಯೋಗ್ಯ ಸ್ಥಳ. ಚಾಂಪಿಯನ್ ರೀಫ್ ಗಣಿಯಲ್ಲಿ ಎರಡು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಜಪಾನ್ ಮತ್ತು ಇಂಗ್ಲೆಂಡಿನ ವಿಜ್ಞಾನಿಗಳೊಡನೆ ಉಪಕರಣಗಳನ್ನಿಟ್ಟು, 1965ರಲ್ಲಿ ವಾಯುಮಂಡಲದಲ್ಲಿ ಹುಟ್ಟಿದ ನ್ಯೂಟ್ರಿನೋಗಳ ಗುರುತನ್ನು ಹಿಡಿದರು. ಆ ತಂಡದ ಪ್ರಮುಖರಲ್ಲೊಬ್ಬರು ಮಂಗಳೂರಿನಲ್ಲಿ ಜನಿಸಿದ ಎಂ.ಜಿ.ಕೆ. ಮೆನನ್. ಅವರು 1989ರಲ್ಲಿ ವಿ.ಪಿ. ಸಿಂಗ್ ಅವರ ಸರ್ಕಾರದಲ್ಲಿ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ರಾಜ್ಯ ಸಚಿವರಾದರು, 1990ರಿಂದ 1996ರವರೆಗೆ ರಾಜ್ಯಸಭೆಯಲ್ಲಿದ್ದರು. ಗಣಿಯ ಕತ್ತಲೆಗೆ ಇಳಿದವರು ಸಂಸತ್ತಿನ ಮೆಟ್ಟಿಲನ್ನೂ ಏರಬಹುದೆಂಬುದಕ್ಕೆ ಇವರು ಸಾಕ್ಷಿ.

ಇಷ್ಟೆಲ್ಲ ಪ್ರತಿಭೆಯನ್ನು ಕಂಡ ನೆಲದ ಗತಿ ಮುಂದೆ ಏನಾಯಿತು? ಸುಮಾರು 800 ಟನ್ ಚಿನ್ನವನ್ನು ಕೊಟ್ಟ ಗಣಿಗಳು 1956ರಲ್ಲಿ ರಾಜ್ಯ ಸರ್ಕಾರದ ಕೈಗೆ, 1962ರಲ್ಲಿ ಕೇಂದ್ರದ ಕೈಗೆ ಬಂದವು. ಅದಿರಿನಲ್ಲಿ ಚಿನ್ನ ಕಡಿಮೆಯಾಗುತ್ತಿರುವುದು, ಆಳ ಹೆಚ್ಚಿದಂತೆ ಖರ್ಚು ಏರುತ್ತಿರುವುದು ದಶಕಗಳಿಂದ ಎಲ್ಲರಿಗೂ ತಿಳಿದಿದ್ದ ಸಂಗತಿ. 1964ರಲ್ಲಿ ಸ್ಥಾಪನೆಯಾದ ಬೆಮೆಲ್ ಕಾರ್ಖಾನೆ ಇಲ್ಲಿ ನೆಲೆಯೂರಿದ್ದೊಂದು ದೊಡ್ಡ ಆಸರೆ. ಅದರಾಚೆಗೆ ‘ಒಂದು ದಿನ ಚಿನ್ನ ಮುಗಿದರೆ ಈ ಮನೆಗಳ ಗತಿಯೇನು?’ ಎಂಬ ಪ್ರಶ್ನೆಗೆ ಸಾಕಷ್ಟು ಉತ್ತರವನ್ನು ಯಾರೂ ಸಿದ್ಧಪಡಿಸಿಡಲಿಲ್ಲ. 2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದವು. ಅಂದಿನಿಂದ ಬೆಳಗಿನ ಜಾವ ಬಂಗಾರಪೇಟೆಯ ದಾರಿಯಾಗಿ ಬೆಂಗಳೂರಿಗೆ ದುಡಿಯಲು ಹೊರಡುವ ರೈಲುಗಳೇ ಆ ಊರಿಗೆ ಗಣಿಯಾದವು. ಅದಿರನ್ನು ಅರೆದು ಚಿನ್ನ ತೆಗೆದುಕೊಂಡು ಬಿಟ್ಟ ಮಣ್ಣು ಸೈನೈಡ್ ದಿಬ್ಬಗಳಾಗಿ ಉಳಿಯಿತು. ಗಾಳಿಗೆ ಅದರ ಧೂಳು ಮನೆಗಳೊಳಕ್ಕೆ ಬರುತ್ತದೆ. ಸುಮಾರು 3.3 ಕೋಟಿ ಟನ್ನಿನಷ್ಟಿರುವ ಈ ಮಣ್ಣಿನಿಂದ ಮತ್ತೆ ಚಿನ್ನ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ 2024ರಲ್ಲಿ ರಾಜ್ಯ ಸಚಿವ ಸಂಪುಟ ಒಪ್ಪಿಗೆಯಿತ್ತಿತು.

ಈ ಮಣ್ಣಿನ ವಿಷಯದಲ್ಲಾದರೂ ಮೂರು ಪ್ರಶ್ನೆಗಳೂ ಒಟ್ಟಿಗೆ ಏಳಬೇಕು. ಚಿನ್ನವನ್ನು ಬೇರ್ಪಡಿಸುವುದು ಹೇಗೆ ಎಂಬುದನ್ನು ಎಂಜಿನಿಯರ್ ಹೇಳಬಲ್ಲ. ದಿಬ್ಬವನ್ನು ಕದಲಿಸಿದಾಗ ಧೂಳು, ನೀರು ಎತ್ತ ಹೋದಾವು, ಇಪ್ಪತ್ತು ವರ್ಷಗಳ ಮೇಲೆ ಅಲ್ಲಿ ಹುಟ್ಟುವ ಮಗು ಏನನ್ನು ಕಂಡೀತು ಎಂದು ಊಹಿಸಲು ಕಥೆಗಾರನ ಕಣ್ಣು ಬೇಕು. ಬರುವ ಆದಾಯದಲ್ಲಿ, ಉದ್ಯೋಗದಲ್ಲಿ ಅಲ್ಲಿಯ ಕುಟುಂಬಗಳಿಗೆ ಪಾಲೆಷ್ಟು ಎಂಬುದನ್ನು ಶಾಸನಸಭೆಯಲ್ಲಿ ನಿಂತು ಕೇಳುವವನೊಬ್ಬ ಬೇಕು. ಈ ಮೂವರೂ ಒಬ್ಬನೇ ಆದರೆ ಬಹಳ ಒಳ್ಳೆಯದು. ಅಂಥವನು ಆಕಾಶದಿಂದ ಉದುರುವುದಿಲ್ಲ. ನಮ್ಮ ನಿಮ್ಮ ಮನೆಯ ಓದುವ ಕೋಣೆಯಲ್ಲೇ ಬೆಳೆಯಬೇಕು.

ಆದ್ದರಿಂದ ತಂದೆ ತಾಯಿಗಳಲ್ಲಿ ನಮ್ಮ ವಿನಂತಿ ಇಷ್ಟೆ. ಲೆಕ್ಕದ ಪುಸ್ತಕದ ಕೆಳಗೆ ಕಥೆಯ ಪುಸ್ತಕ ಸಿಕ್ಕಿದರೆ ಗದರಬೇಡಿರಿ. ಕಥೆಯಲ್ಲಿ ಏನಿದೆಯೆಂದು ಕೇಳಿರಿ. ಪಂಚಾಯಿತಿಯ ಮಾತು ಬಂದಾಗ ಮಕ್ಕಳನ್ನು ಒಳಗೆ ಕಳಿಸಬೇಡಿರಿ; ಊರಿನ ಕೆರೆ, ಶಾಲೆ, ರಸ್ತೆ ಯಾರ ತೀರ್ಮಾನದಿಂದ ಹೇಗಾಯಿತೆಂಬುದನ್ನು ತಿಳಿಸಿರಿ. ಮತ ಕೇಳಲು ಬಂದವರ ಮುಂದೆ ಈ ಮೂರು ಪ್ರಶ್ನೆಗಳನ್ನಿಡಿರಿ. ಎಂಜಿನಿಯರ್ ಆದ ಮಗ ಅಥವಾ ಮಗಳು ಸಾರ್ವಜನಿಕ ಸೇವೆಗೆ ಹೊರಟರೆ, ಅದೂ ಕಾಯಕವೇ ಎಂದು ಹರಸಿ ಕಳಿಸಿರಿ. ನಾಳೆಯನ್ನು ಇಂದೇ ಕಾಣಬಲ್ಲ ಕಣ್ಣುಗಳು ನಮ್ಮ ಮನೆಗಳಲ್ಲಿ ತೆರೆಯಲೆಂದು ಹಾರೈಸುತ್ತೇವೆ.