ಗುಜರಿ ಮೂಟೆಯೊಳಗಿನ ಬೆಂಕಿ

ಹೊಸೂರಿನ ಗ್ಯಾರೇಜ್ ಇರಲಿ, ಕಾಸರಗೋಡಿನ ಅಡಿಕೆ ತೋಟ ಇರಲಿ, ಕೆಟ್ಟ ಇಂಜಿನ್ ಕೊನೆಗೆ ಹೋಗೋದು ಗುಜರಿ ಅಂಗಡಿಗೇ. ಅಲ್ಲಿ ಬೆಳ್ಳಗೆ, ಹಗುರವಾಗಿ ಇರೋದೆಲ್ಲ ಅಲ್ಯೂಮಿನಿಯಂ ಲೆಕ್ಕಕ್ಕೆ ಸೇರಿಬಿಡುತ್ತೆ. ಆದರೆ ಮರ ಕೊಯ್ಯುವ ಎಷ್ಟೋ ಚೈನ್‌ಸಾಗಳ ಕ್ರ್ಯಾಂಕ್‌ಕೇಸ್, ಕೆಲವು ಬೈಕುಗಳ ಇಂಜಿನ್ ಕವರ್, ಹಳೇ ಫೋಕ್ಸ್‌ವ್ಯಾಗನ್ ಬೀಟಲ್‌ನ ಕ್ರ್ಯಾಂಕ್‌ಕೇಸ್ ಮೆಗ್ನೀಸಿಯಂ ಮಿಶ್ರಲೋಹದವು. ಈ ವ್ಯತ್ಯಾಸ ಗೊತ್ತಿಲ್ಲದಿದ್ದರೆ ಜೀವಕ್ಕೇ ಕುತ್ತು.

ಗಟ್ಟಿ ತುಂಡು ಸುಲಭಕ್ಕೆ ಹೊತ್ತಿಕೊಳ್ಳಲ್ಲ. ಗ್ರೈಂಡರ್‌ನಿಂದ ಉದುರುವ ಪುಡಿಗೆ, ಲೇತಿನ ಸುರುಳಿಗೆ ಒಂದು ಕಿಡಿ ಸಾಕು. ಉರಿಯುವಾಗ ನೀರು ಸುರಿದರೆ ಹೈಡ್ರೋಜನ್ ಹುಟ್ಟಿ ಬೆಂಕಿ ಸಿಡಿಯುತ್ತೆ. ಕಾರ್ಬನ್ ಡೈಆಕ್ಸೈಡ್ ಸಿಲಿಂಡರೂ ಕೆಲಸಕ್ಕೆ ಬರಲ್ಲ, ಆ ಅನಿಲದಲ್ಲೂ ಅದು ಉರಿಯುತ್ತೆ. 1955ರಲ್ಲಿ ಫ್ರಾನ್ಸಿನ ಲೆ ಮಾನ್ ರೇಸಿನ ಅಪಘಾತದಲ್ಲಿ 80ಕ್ಕೂ ಹೆಚ್ಚು ಜನ ಸತ್ತರು. ಅಲ್ಲಿ ಹೊತ್ತಿ ಉರಿದ ಮರ್ಸಿಡಿಸ್ ಕಾರಿನ ಮೈ ಮೆಗ್ನೀಸಿಯಂ ಮಿಶ್ರಲೋಹದ್ದು. ನೀರು ಹಾಕಿದಷ್ಟೂ ಬೆಂಕಿ ಜೋರಾಯ್ತು.

ಗುರುತಿಸೋದು ಕಷ್ಟವಲ್ಲ. ಅದೇ ಅಳತೆಯ ಅಲ್ಯೂಮಿನಿಯಂ ತುಂಡಿಗೆ ಹೋಲಿಸಿದರೆ ಇದರ ತೂಕ ಸುಮಾರು ಮೂರನೇ ಎರಡು ಭಾಗ ಅಷ್ಟೇ. ಎಣ್ಣೆ, ಪೇಂಟು ತೆಗೆದ ಜಾಗಕ್ಕೆ ಒಂದು ಹನಿ ವಿನೆಗರ್ ಬಿಡಿ. ನೊರೆ ಎದ್ದರೆ ಮೆಗ್ನೀಸಿಯಂ, ಅಲ್ಯೂಮಿನಿಯಂ ಸುಮ್ಮನಿರುತ್ತೆ.

ಭಾಗ ಚೆನ್ನಾಗಿದ್ದರೆ ಒಡೆಯಬೇಡಿ, ಸ್ಪೇರ್ ಆಗಿ ಮಾರಿ. ಬಿರುಕು ಬಿಟ್ಟಿದ್ದರೆ ಆರ್ಗಾನ್ ವೆಲ್ಡಿಂಗ್‌ನಲ್ಲಿ ಪಳಗಿದವರ ಕೈಗೆ ಕೊಡಿ. ಉಳಿದದ್ದನ್ನು ಎಣ್ಣೆ ಒರೆಸಿ, ಒಣಗಿಸಿ, ಬೇರೆ ಮೂಟೆಯಲ್ಲಿ ಇಡಿ. ಪುಡಿಯನ್ನು ಒದ್ದೆ ಮಾಡಬೇಡಿ, ಕೂಡಿಡಲೂ ಬೇಡಿ. ಊರ ಕುಲುಮೆಯಲ್ಲಿ ಕರಗಿಸುವ ಸಾಹಸ ಬೇಡವೇ ಬೇಡ. ಕಾರ್ಖಾನೆಗಳಲ್ಲಿ ಇದನ್ನು ಗಾಳಿ ತಾಗದಂತೆ ಕಾಪಾಡಿಕೊಂಡೇ ಕರಗಿಸುತ್ತಾರೆ.

ಬ್ಯಾಂಕಿನ ಕೌಂಟರಿನಲ್ಲಿ ಕೂರುವವನಾಗಿ ಇನ್ನೊಂದು ಮಾತು. ಅಂಗಡಿಗೆ ಸಾಲ ಮಾಡಿದವರ ಕಂತು ಬೆಂಕಿ ಬಿದ್ದ ತಿಂಗಳೂ ನಿಲ್ಲಲ್ಲ. ಮೂಟೆ ಬೇರೆ ಮಾಡಲು ಖರ್ಚಿಲ್ಲ, ಹತ್ತು ನಿಮಿಷ ಸಾಕು. ಬೆರಕೆ ಮಾಲು ಕೊಟ್ಟರೆ ಕೊಳ್ಳುವವನು ಇಡೀ ಲೋಡನ್ನೇ ವಾಪಸ್ ಕಳಿಸಬಹುದು, ಆಗ ಸಾಗಾಟದ ಖರ್ಚೂ ನಿಮ್ಮ ತಲೆಗೇ.

ಅಂಗಡಿಯಲ್ಲಿ ಒಂದು ಬಕೆಟ್ ಒಣ ಮರಳು, ಸಾಧ್ಯವಾದರೆ ‘ಡಿ’ ದರ್ಜೆಯ ಪುಡಿಯ ಸಿಲಿಂಡರ್ ಇರಲಿ. ಬೆಂಕಿ ದೊಡ್ಡದಾದರೆ ಹೊರಗೆ ಓಡಿ, ಅಗ್ನಿಶಾಮಕದವರಿಗೆ ‘ಮೆಗ್ನೀಸಿಯಂ’ ಅಂತ ಮೊದಲೇ ಹೇಳಿ. ಮೂಟೆ ಮೇಲೆ ‘ಮೆಗ್ನೀಸಿಯಂ, ನೀರು ಹಾಕಬೇಡಿ’ ಅಂತ ಕನ್ನಡದಲ್ಲೂ, ಜೊತೆಗೆ ದುಡಿಯುವವರು ಓದುವ ತಮಿಳು, ಮಲಯಾಳಂ, ತೆಲುಗು, ಮರಾಠಿಯಲ್ಲೂ ಬರೆಯಿರಿ. ಇವತ್ತೇ ಬರೆಯಿರಿ.