ಸೋಂಕಿತರ ಮನೆಗೆ ಮುಖ್ಯಸ್ಥರು ಯಾರಾಗಬೇಕು?

ಎಚ್.ಐ.ವಿ. ಸೋಂಕಿತರಿಗೆ ಆರೈಕೆ, ಆಪ್ತಸಲಹೆ ಹಾಗೂ ವಸತಿಯನ್ನು ಒದಗಿಸುವ ಸ್ವಯಂಸೇವಾ ಸಂಸ್ಥೆಗಳು ನಮ್ಮ ನಾಡಿನಲ್ಲಿ ತಲೆಯೆತ್ತಿ ಕಾಲು ಶತಮಾನಕ್ಕೂ ಮಿಗಿಲಾಯಿತು. ಬೆಂಗಳೂರಿನ ಸಂರಕ್ಷ 1993ರಲ್ಲಿ ಆರಂಭವಾಯಿತು. ಕಮಿಲಿಯನ್ ಸಭೆಯ ಗುರುಗಳು ಸರ್ಜಾಪುರ ರಸ್ತೆಯಲ್ಲಿ ಸ್ನೇಹದಾನ್ ಕೇಂದ್ರವನ್ನು ತೆರೆದದ್ದು 1997ರಲ್ಲಿ. ಮೈಸೂರಿನ ಆಶಾಕಿರಣ ಆಸ್ಪತ್ರೆಯೂ ಅದೇ ವರ್ಷದ್ದು. ಅಂದು ಇಂಥ ಸಂಸ್ಥೆಗಳನ್ನು ಕಟ್ಟಿದವರಲ್ಲಿ ಅನೇಕರಿಗೆ ಈಗ ವಯಸ್ಸಾಗಿದೆ. ಹೊಸ ಮುಖ್ಯ ಕಾರ್ಯನಿರ್ವಾಹಕರನ್ನು ನೇಮಿಸುವ ಹೊಣೆ ಒಂದಲ್ಲ ಒಂದು ದಿನ ಪ್ರತಿಯೊಂದು ಆಡಳಿತ ಮಂಡಳಿಯ ಮುಂದೆಯೂ ಬಂದು ನಿಲ್ಲುತ್ತದೆ. ಇದು ಮಂಡಳಿಯ ಕೊಠಡಿಯೊಳಗೆ ಮುಗಿಯಬೇಕಾದ ವಿಷಯ, ನಮಗೇಕೆ ಎಂದು ಓದುಗರು ಭಾವಿಸಬಾರದು. ತಪಸ್ಸುಕಾಲದಲ್ಲಿ ನಾವು ಕೂಡಿಟ್ಟು ಕೊಡುವ ಕಾಣಿಕೆ ಇಂಥ ಮನೆಗಳಿಗೂ ಸಲ್ಲುತ್ತದೆ. ನಮ್ಮ ಹೆಣ್ಣುಮಕ್ಕಳು ಅಲ್ಲಿ ದಾದಿಯರಾಗಿ, ಆಪ್ತಸಲಹೆಗಾರರಾಗಿ ದುಡಿಯುತ್ತಾರೆ. ನಾವು ಯಾರೂ ಬಾಯಿಬಿಟ್ಟು ಹೇಳದಿದ್ದರೂ, ನಮ್ಮ ಕೆಲವು ಕುಟುಂಬಗಳವರು ಅಲ್ಲಿ ಆಶ್ರಯವನ್ನೂ ಪಡೆದಿದ್ದಾರೆ.

ಮೊದಲಿಗೆ, ಈ ಮನೆಗಳ ಕೆಲಸವೇ ಬದಲಾಗಿದೆ ಎಂಬುದನ್ನು ಗಮನಿಸಬೇಕು. ಮದರ್ ತೆರೆಸಾ ಅವರು 1985ರ ಡಿಸೆಂಬರ್ 24ರಂದು, ಕ್ರಿಸ್ಮಸ್ ಮುನ್ನಾದಿನ, ನ್ಯೂಯಾರ್ಕ್ ನಗರದಲ್ಲಿ ಏಡ್ಸ್ ರೋಗಿಗಳಿಗಾಗಿ ಮನೆಯೊಂದನ್ನು ತೆರೆದಾಗ, ಅಲ್ಲಿಗೆ ಬಂದವರು ಶಾಂತಿಯಿಂದ ಕಣ್ಣುಮುಚ್ಚಲಿ ಎಂಬುದಕ್ಕಿಂತ ಹೆಚ್ಚಿನದನ್ನು ಬಯಸಲು ವೈದ್ಯಶಾಸ್ತ್ರವೇ ಅವಕಾಶ ಕೊಟ್ಟಿರಲಿಲ್ಲ. ನಮ್ಮಲ್ಲಿಯೂ ಆರಂಭದ ವರ್ಷಗಳು ಹಾಗೆಯೇ ಕಳೆದವು. ಆದರೆ 2004ರ ಏಪ್ರಿಲ್ 1ರಿಂದ ಭಾರತ ಸರ್ಕಾರವು ಎ.ಆರ್.ಟಿ. ಔಷಧಿಗಳನ್ನು ಉಚಿತವಾಗಿ ನೀಡತೊಡಗಿತು. ಆ ಮೊದಲ ಎಂಟು ಆಸ್ಪತ್ರೆಗಳಲ್ಲಿ ಬೆಂಗಳೂರಿನ ಬೌರಿಂಗ್ ಆಸ್ಪತ್ರೆಯೂ ಒಂದು. ಇಂದು ಹಾಸನದಲ್ಲಿಯೇ ಮಾತ್ರೆ ದೊರೆಯುತ್ತದೆ. ಅದನ್ನು ತಪ್ಪದೆ ಸೇವಿಸುವವರು ಇತರರಷ್ಟೇ ಕಾಲ ಬದುಕಬಲ್ಲರು. ರಕ್ತದಲ್ಲಿ ವೈರಾಣು ಪತ್ತೆಯಾಗದ ಮಟ್ಟಕ್ಕೆ ಇಳಿದು ಅಲ್ಲಿಯೇ ನಿಂತರೆ, ಬಾಳಸಂಗಾತಿಗೆ ಅದು ದೈಹಿಕ ಸಂಪರ್ಕದಿಂದ ಹರಡುವುದಿಲ್ಲವೆಂಬುದು ಈಗ ಖಚಿತವಾದ ಸಂಗತಿ. ತಾಯಿಯ ಗರ್ಭದಿಂದಲೇ ಸೋಂಕು ಪಡೆದು ಬಂದ ಮಕ್ಕಳು ಇಂದು ಇಪ್ಪತ್ತು, ಇಪ್ಪತ್ತೈದು ದಾಟಿದ ಯುವಕ ಯುವತಿಯರು. ಬಾಲನ್ಯಾಯ ಕಾಯಿದೆಯ ಪ್ರಕಾರ ಹದಿನೆಂಟು ತುಂಬಿದವರು ಮಕ್ಕಳ ಪಾಲನಾ ಸಂಸ್ಥೆಯನ್ನು ಬಿಡಬೇಕು. ಬಿಟ್ಟು ಎಲ್ಲಿಗೆ ಹೋಗಬೇಕು? ಕಮಿಲಿಯನ್ ಗುರುಗಳು ಗಡಿಯಾಚೆಯ ಕೃಷ್ಣಗಿರಿ ಜಿಲ್ಲೆಯಲ್ಲಿ ಸ್ನೇಹಗ್ರಾಮವನ್ನು ಕಟ್ಟಿ, ಇಂಥ ಮಕ್ಕಳಿಗೆ ಕಸುಬನ್ನೂ ಸ್ವತಂತ್ರವಾಗಿ ಬಾಳುವುದನ್ನೂ ಕಲಿಸಲು ಮುಂದಾದದ್ದು ಈ ಪ್ರಶ್ನೆ ಎದುರಾದುದರಿಂದಲೇ.

ಅಂದಮೇಲೆ, ಸಾಯುವವರಿಗೆ ಹಾಸಿಗೆ ಒದಗಿಸುವ ಕಾಲ ಕಳೆದು ಬದುಕುವವರಿಗೆ ಮನೆ ಹುಡುಕುವ ಕಾಲ ಬಂದಿದೆ. ಎರಡನೆಯದು ಮೊದಲಿನದಕ್ಕಿಂತ ಸುಲಭವೆಂದು ಯಾರೂ ಎಣಿಸದಿರಲಿ.

ನಮ್ಮ ಗೆಂಡೆಹಳ್ಳಿಯ ಕಡೆಯ ಕಾಫಿ ತೋಟಗಳನ್ನೇ ನೋಡೋಣ. ಕೂಲಿಯವನಿಗೆ ಮನೆಯೆಂದರೆ ಲೈನ್‌ಮನೆ. ಒಂದೇ ಸೂರಿನಡಿ ಸಾಲಾಗಿ ಕಟ್ಟಿದ ಕೋಣೆಗಳು, ಎರಡು ಸಂಸಾರಗಳ ನಡುವೆ ಒಂದೇ ಗೋಡೆ. ಕೆಲಸವಿರುವವರೆಗೆ ಮನೆ. ಮೈಯಲ್ಲಿ ಕಸುವು ಕುಂದಿ ಕೆಲಸ ತಪ್ಪಿದರೆ ಮನೆಯೂ ತಪ್ಪಿತು. ಇಂಥ ಕಡೆ ತಿಂಗಳಿಗೊಮ್ಮೆ ರಜೆ ಕೇಳಿ, ಬೇಲೂರಿಗೆ ಬಂದು, ಅಲ್ಲಿಂದ ಹಾಸನದ ಬಸ್ಸು ಹತ್ತುವವನು ಎಲ್ಲಿಗೆ ಹೋಗುತ್ತಾನೆಂದು ಪಕ್ಕದ ಮನೆಯವರು ಕೇಳದೆ ಬಿಡುವರೇ? ಮಾತ್ರೆಯ ಡಬ್ಬಿಯನ್ನು ಅಕ್ಕಿಯ ಚೀಲದೊಳಗೆ ಬಚ್ಚಿಡುವವರಿದ್ದಾರೆ. ಬಚ್ಚಿಟ್ಟ ಮಾತ್ರೆ ಮರೆತುಹೋಗುತ್ತದೆ, ಮರೆತ ಮಾತ್ರೆ ಕ್ರಮೇಣ ನಾಟದೆ ಹೋಗುತ್ತದೆ. ಮನೆಯ ಭದ್ರತೆಯೇ ಅರ್ಧ ಔಷಧಿ ಎಂದರೆ ಅತಿಶಯೋಕ್ತಿಯಾಗದು. ಗೊರೂರು ಅಣೆಕಟ್ಟಿನ ಹಿನ್ನೀರಿನಲ್ಲಿ ನಿಂತಿರುವ ಶೆಟ್ಟಿಹಳ್ಳಿಯ ಹಳೆಯ ದೇವಾಲಯವನ್ನು ನೋಡಲು ಜನ ದೂರದಿಂದ ಬರುತ್ತಾರೆ, ಚಿತ್ರ ತೆಗೆಯುತ್ತಾರೆ. ಅಲ್ಲಿಂದ ಗಂಟುಮೂಟೆ ಕಟ್ಟಿ ಹೊರಟ ಸಂಸಾರಗಳು ಎಲ್ಲಿ ನೆಲೆ ಕಂಡವು ಎಂದು ಕೇಳುವವರು ವಿರಳ. ಮನೆ ಕಳೆದುಕೊಳ್ಳುವುದೆಂದರೇನು ಎಂಬುದನ್ನು ಹಾಸನ ಜಿಲ್ಲೆಯ ಕಥೋಲಿಕರಿಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ.

ಹೀಗಿರುವಾಗ ಇಂಥ ಸಂಸ್ಥೆಯ ಮುಖ್ಯಸ್ಥರನ್ನು ನಾವು ಆರಿಸುವ ರೀತಿಯೆಂಥದು? ಧಾರ್ಮಿಕ ಸಭೆಗಳು ನಡೆಸುವ ಮನೆಗಳಲ್ಲಿ ಬಹುಮಟ್ಟಿಗೆ ವರ್ಗಾವಣೆಯ ಪತ್ರವೇ ಆಯ್ಕೆ. ಶಾಲೆಯೊಂದರಲ್ಲಿ ಮುಖ್ಯೋಪಾಧ್ಯಾಯರಾಗಿದ್ದವರು ಜೂನ್ ತಿಂಗಳಲ್ಲಿ ಪೆಟ್ಟಿಗೆಯೊಂದಿಗೆ ಬಂದಿಳಿಯುತ್ತಾರೆ. ಮನೆಯವರ ಹೆಸರುಗಳನ್ನು ಕಲಿಯುವಷ್ಟರಲ್ಲಿ ಮತ್ತೊಂದು ಪತ್ರ ಬಂದಿರುತ್ತದೆ. ಟ್ರಸ್ಟುಗಳು ನಡೆಸುವ ಕಡೆ ಸ್ಥಾಪಕರ ಮಗನೋ ಸೊಸೆಯೋ ಬಂದು ಕುಳಿತುಕೊಳ್ಳುವುದುಂಟು. ಇನ್ನು ಕೆಲವೆಡೆ, ದಾನಿಗಳ ಮುಂದೆ ಯಾರ ಇಂಗ್ಲಿಷ್ ನಿರರ್ಗಳವೋ ಅವರೇ ಯೋಗ್ಯರು. ಅವರಲ್ಲಿ ಒಳ್ಳೆಯವರಿಲ್ಲವೆಂದು ನಾವು ಹೇಳುತ್ತಿಲ್ಲ. ಒಳ್ಳೆಯವರಾಗಿದ್ದರೆ ಅದು ದೇವರ ಕೃಪೆ, ಆಯ್ಕೆಯ ಜಾಣ್ಮೆಯಲ್ಲ.

ಸಂತ ಥಾಮಸ್ ಅಕ್ವಿನಾಸರು ಪಕ್ಷಪಾತವನ್ನು ಕುರಿತು ವಿವೇಚಿಸುವಾಗ ಈ ಪ್ರಶ್ನೆಯನ್ನು ನೇರವಾಗಿ ಎತ್ತಿಕೊಂಡಿದ್ದಾರೆ. ಬಂಧುವೆಂದೋ ಧನಿಕನೆಂದೋ ಹುದ್ದೆ ಕೊಡುವುದು ನ್ಯಾಯಕ್ಕೆ ವಿರುದ್ಧವಾದ ಪಾಪ ಎಂಬುದು ಅವರ ನಿಲುವು. ಅಷ್ಟಕ್ಕೇ ನಿಲ್ಲದೆ ಅವರು ಇನ್ನೊಂದು ಮಾತು ಹೇಳುತ್ತಾರೆ. ಅದು ನಮ್ಮಂಥವರಿಗೆ ಸ್ವಲ್ಪ ಕಸಿವಿಸಿ ಉಂಟುಮಾಡುವಂಥದು. ಯಾರು ಹೆಚ್ಚು ಪವಿತ್ರರು, ಯಾರು ಹೆಚ್ಚು ಪಂಡಿತರು ಎಂಬುದಷ್ಟೇ ಅಳತೆಯಲ್ಲ. ಪಾವಿತ್ರ್ಯದಲ್ಲಿಯೂ ಪಾಂಡಿತ್ಯದಲ್ಲಿಯೂ ಕಡಿಮೆಯಿರುವ ಒಬ್ಬರು ಲೌಕಿಕ ದಕ್ಷತೆಯ ಕಾರಣದಿಂದ ಸಾಮಾನ್ಯ ಹಿತಕ್ಕೆ ಹೆಚ್ಚು ಉಪಕಾರಿಯಾಗಬಹುದು ಎಂದು ಅವರು ಒಪ್ಪುತ್ತಾರೆ. ಹದಿಮೂರನೆಯ ಶತಮಾನದ ಈ ಸಂನ್ಯಾಸಿಗೆ ಕಂಡದ್ದು ನಮ್ಮ ಮಂಡಳಿಗಳಿಗೆ ಕಾಣದೆಹೋದರೆ ಏನೆನ್ನಬೇಕು? ಧರ್ಮಸಭೆಯ ಕಾನೂನು ಕೂಡ ಧರ್ಮಾಧ್ಯಕ್ಷರ ನಿಕಟ ಬಂಧುಗಳನ್ನು ಧರ್ಮಕ್ಷೇತ್ರದ ಹಣಕಾಸು ಮಂಡಳಿಯಿಂದ ದೂರವಿರಿಸಿದೆ. ಧರ್ಮಾಧ್ಯಕ್ಷರಿಗಿಲ್ಲದ ಸ್ವಾತಂತ್ರ್ಯ ಟ್ರಸ್ಟಿಗಳಿಗೆ ಎಲ್ಲಿಂದ ಬಂದೀತು?

ಸೋಂಕಿತರೇ ಮುಖ್ಯಸ್ಥರಾಗಬಾರದೇಕೆ? ಈ ಪ್ರಶ್ನೆಯನ್ನು ಸಭೆಗಳಲ್ಲಿ ಎತ್ತಿದಾಗ ಒಮ್ಮೆಲೇ ಮೌನ ಕವಿಯುತ್ತದೆ. ಸೋಂಕಿತರು ಅಡುಗೆಮನೆಯಲ್ಲಿ ಇರಬಹುದು, ಸಾಕ್ಷ್ಯ ನುಡಿಯಲು ವೇದಿಕೆಗೆ ಬರಬಹುದು. ಆದರೆ ಬೀಗದ ಕೈಗೊಂಚಲು, ಚೆಕ್ಕು ಪುಸ್ತಕ? 1983ರಲ್ಲಿ ಅಮೆರಿಕದ ಡೆನ್ವರ್ ನಗರದಲ್ಲಿ ಕಲೆತ ಏಡ್ಸ್ ಪೀಡಿತರು, ತಮ್ಮ ಕುರಿತ ನಿರ್ಧಾರಗಳ ಪ್ರತಿಯೊಂದು ಹಂತದಲ್ಲಿಯೂ, ಸಂಸ್ಥೆಗಳ ಆಡಳಿತ ಮಂಡಳಿಗಳಲ್ಲಿಯೂ ತಮಗೆ ಸ್ಥಾನವಿರಬೇಕೆಂದು ಕೇಳಿದರು. 1994ರ ಡಿಸೆಂಬರ್ 1ರಂದು ಪ್ಯಾರಿಸಿನಲ್ಲಿ 42 ದೇಶಗಳು ಈ ತತ್ವಕ್ಕೆ ಸಹಿ ಹಾಕಿದವು. ನಮಗಾದರೋ ಅದಕ್ಕಿಂತ ಹಳೆಯ ಆಧಾರವಿದೆ. ಪ್ರೇಷಿತರ ಕಾರ್ಯಕಲಾಪಗಳ ಆರನೆಯ ಅಧ್ಯಾಯವನ್ನು ಓದುಗರು ಬಲ್ಲರು. ದಿನನಿತ್ಯದ ಹಂಚಿಕೆಯಲ್ಲಿ ತಮ್ಮ ವಿಧವೆಯರನ್ನು ಕಡೆಗಣಿಸಲಾಗುತ್ತಿದೆ ಎಂದು ಗ್ರೀಕ್ ಭಾಷೆಯವರು ಗೊಣಗಿದಾಗ, ಪ್ರೇಷಿತರು ಏಳು ಮಂದಿಯನ್ನು ಆರಿಸಲು ಸಮುದಾಯಕ್ಕೇ ಹೇಳಿದರು. ಆಯ್ಕೆಯಾದ ಏಳೂ ಹೆಸರುಗಳು ಗ್ರೀಕ್ ಹೆಸರುಗಳು. ಯಾರು ಕಡೆಗಣಿಸಲ್ಪಟ್ಟಿದ್ದರೋ ಅವರ ಕಡೆಯವರ ಕೈಗೇ ಹಂಚುವ ಅಧಿಕಾರ ಹೋಯಿತೆಂದು ಭಾವಿಸಲು ಇದರಿಂದ ಸಾಕಷ್ಟು ಆಸ್ಪದವಿದೆ.

ಸಂತ ಕಮಿಲಸರ ಜೀವನವಂತೂ ಈ ವಿಷಯಕ್ಕೇ ಬರೆದಿಟ್ಟಂತಿದೆ. 1550ರಲ್ಲಿ ಜನಿಸಿದ ಅವರು ಸಿಪಾಯಿಯಾಗಿದ್ದರು, ಜೂಜುಕೋರರಾಗಿದ್ದರು. ಕಾಲಿನಲ್ಲಿ ಮಾಯದ ಹುಣ್ಣಿತ್ತು. ಆ ಹುಣ್ಣಿನ ಚಿಕಿತ್ಸೆಗಾಗಿ ರೋಮಿನ ಸಂತ ಯಕೋಬರ ಆಸ್ಪತ್ರೆಗೆ ಸೇರಿ, ದುರ್ನಡತೆಗಾಗಿ ಅಲ್ಲಿಂದ ಹೊರಹಾಕಲ್ಪಟ್ಟರು. ಕಪುಚಿನ್ ಸಭೆಗೆ ಸೇರಲು ಹೋದರೆ ಅದೇ ಹುಣ್ಣು ಅಡ್ಡಬಂದಿತು. ಮತ್ತೆ ಅದೇ ಆಸ್ಪತ್ರೆಗೆ ಮರಳಿ, ರೋಗಿಗಳ ಸೇವೆಗೆ ನಿಂತು, ಕಡೆಗೆ ಅಲ್ಲಿನ ಮೇಲ್ವಿಚಾರಕರೇ ಆದರು. ಹುಣ್ಣು ಮಾತ್ರ ಸಾಯುವವರೆಗೂ ಮಾಯಲಿಲ್ಲ. ಇಂದಿನ ನಮ್ಮ ಮಂಡಳಿಯೊಂದರ ಮುಂದೆ ಅವರ ಅರ್ಜಿ ಬಂದಿದ್ದರೆ ಎಷ್ಟನೆಯ ಪುಟದಲ್ಲಿ ಅದನ್ನು ಪಕ್ಕಕ್ಕಿಡುತ್ತಿದ್ದೆವೋ ತಿಳಿಯದು.

ಇಲ್ಲಿ ಒಂದು ಎಚ್ಚರಿಕೆಯೂ ಅಗತ್ಯ. ಎಚ್.ಐ.ವಿ. ಮತ್ತು ಏಡ್ಸ್ ತಡೆ ಮತ್ತು ನಿಯಂತ್ರಣ ಕಾಯಿದೆ 2017ರಲ್ಲಿ ಅಂಗೀಕಾರವಾಗಿ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಅದರಂತೆ ಉದ್ಯೋಗ ಕೊಡುವ ಮೊದಲು ಸೋಂಕಿನ ಪರೀಕ್ಷೆಯನ್ನು ಕೇಳುವಂತಿಲ್ಲ. ಬಾಡಿಗೆಗೆ ಮನೆ ಕೊಡಲು ಸೋಂಕಿನ ಕಾರಣದಿಂದ ನಿರಾಕರಿಸುವಂತಿಲ್ಲ. ಕೂಡಿ ಬಾಳುವ ಮನೆಯಿಂದ ಸೋಂಕಿತರನ್ನು ಹೊರಹಾಕುವಂತಿಲ್ಲ. ತಂದೆತಾಯಿಗಳಿಲ್ಲದ ಕುಟುಂಬದಲ್ಲಿ ಹನ್ನೆರಡು ದಾಟಿದ, ತಿಳಿವಳಿಕೆಯುಳ್ಳ ಅಣ್ಣನೋ ಅಕ್ಕನೋ ಶಾಲೆಯ ದಾಖಲಾತಿ, ಬ್ಯಾಂಕ್ ಖಾತೆ ಮೊದಲಾದವುಗಳಿಗೆ ಕಿರಿಯರ ಪೋಷಕನಾಗಿ ನಿಲ್ಲಲೂ ಆ ಕಾಯಿದೆ ಅವಕಾಶ ಕೊಟ್ಟಿದೆ. ಇದನ್ನು ಬರೆದವರು ಇಂಥ ಮನೆಗಳನ್ನು ಕಣ್ಣಾರೆ ಕಂಡಿರಬೇಕು. ಆದ್ದರಿಂದ ಸಂದರ್ಶನದಲ್ಲಿ ಅಭ್ಯರ್ಥಿಯನ್ನು ನೀವು ಸೋಂಕಿತರೇ ಎಂದು ಕೇಳುವುದು ಕೂಡದು, ಸದುದ್ದೇಶದಿಂದಲೂ ಕೂಡದು. ತಾವಾಗಿಯೇ ಹೇಳಿಕೊಂಡವರಿಗೆ ಅದು ಅನರ್ಹತೆಯಾಗದು ಎಂದು ಪ್ರಕಟಣೆಯಲ್ಲಿ ಮುದ್ರಿಸಿದರೆ ಸಾಕು. ಹಾಗೆಂದು ಸೋಂಕೊಂದೇ ಅರ್ಹತೆಯೂ ಅಲ್ಲ. ಲೆಕ್ಕ ಓದಲು ಬಾರದವರನ್ನು ಪ್ರದರ್ಶನಕ್ಕಾಗಿ ಕುರ್ಚಿಯಲ್ಲಿ ಕೂರಿಸುವುದು ಅವರಿಗೂ ಮನೆಯವರಿಗೂ ಮಾಡುವ ಅನ್ಯಾಯ.

ಲೆಕ್ಕದ ಮಾತು ಬಂದುದರಿಂದ ಹಣದ ವಿಷಯವನ್ನೂ ಹೇಳಿಬಿಡಬೇಕು. 2003ರಲ್ಲಿ ಗೇಟ್ಸ್ ಪ್ರತಿಷ್ಠಾನದ ಆವಾಹನ್ ಯೋಜನೆ ಕರ್ನಾಟಕಕ್ಕೆ ಬಂದಾಗ ಹರಿದ ಹಣ ಇಂದಿಲ್ಲ. ಆ ಯೋಜನೆ ಹಂತಹಂತವಾಗಿ ಸರ್ಕಾರದ ಕೈಸೇರಿತು. 2020ರ ತಿದ್ದುಪಡಿಯು ವಿದೇಶಿ ದೇಣಿಗೆಯಲ್ಲಿ ಆಡಳಿತ ವೆಚ್ಚದ ಮಿತಿಯನ್ನು ಶೇಕಡಾ 50ರಿಂದ 20ಕ್ಕೆ ಇಳಿಸಿತು, ಒಂದು ಸಂಸ್ಥೆ ಪಡೆದ ದೇಣಿಗೆಯನ್ನು ಮತ್ತೊಂದಕ್ಕೆ ವರ್ಗಾಯಿಸುವುದನ್ನೂ ನಿಲ್ಲಿಸಿತು. ಇನ್ನು ಮುಂದೆ ಊರಿನ ಹಣವನ್ನೇ ಊರಿನವರ ಬಾಗಿಲಿಗೆ ಹೋಗಿ ಕೇಳಬಲ್ಲವರು ಬೇಕು. ತೋಟದ ಮಾಲೀಕರೊಂದಿಗೂ ಗ್ರಾಮ ಪಂಚಾಯಿತಿಯೊಂದಿಗೂ ಕನ್ನಡದಲ್ಲಿ ಕುಳಿತು ಮಾತನಾಡಬಲ್ಲವರು, ಬಾಡಿಗೆಯ ಮನೆಗೆ ಮುಂಗಡ ಹೊಂದಿಸಿ ಮಾಲೀಕನ ಭಯವನ್ನು ಬಿಡಿಸಬಲ್ಲವರು ಬೇಕು. ಅಂಥವರಿಗೆ ಸೇವೆಯ ಹೆಸರಿನಲ್ಲಿ ಅರೆಸಂಬಳ ಕೊಡುವ ನಮ್ಮ ಹಳೆಯ ರೂಢಿಯನ್ನು ಬಿಡೋಣ. ನ್ಯಾಯವಾದ ಕೂಲಿಯನ್ನು ಕುರಿತು ಜಗದ್ಗುರು ಹದಿಮೂರನೆಯ ಲಿಯೋ ಅವರು 1891ರಲ್ಲಿಯೇ ವಿಶ್ವಪತ್ರ ಬರೆದರು. ನಾವು ಅದನ್ನು ಮೇ ತಿಂಗಳ ಮೊದಲ ದಿನ ಇತರರ ಕಾರ್ಖಾನೆಗಳಿಗೆ ಬೋಧಿಸುತ್ತೇವೆ. ಮನೆಮಂದಿಯನ್ನು ಸಾಕಬೇಕಾದ ಗೃಹಸ್ಥನೊಬ್ಬ, ಇಬ್ಬರು ಮಕ್ಕಳ ತಾಯಿಯೊಬ್ಬಳು ಈ ಹುದ್ದೆಗೆ ಅರ್ಜಿ ಹಾಕಲಾರದಂತೆ ಸಂಬಳವನ್ನು ಇಟ್ಟು, ಬಳಿಕ ಯೋಗ್ಯರು ದೊರೆಯಲಿಲ್ಲವೆಂದು ಕೊರಗುವುದು ಸರಿಯಲ್ಲ.

ಗುರುಗಳಲ್ಲದವರು, ಕಥೋಲಿಕರಲ್ಲದವರು ಬಂದರೆ ಮನೆಯ ಕ್ರೈಸ್ತ ಸ್ವರೂಪ ಅಳಿಯದೇ ಎಂಬ ಆತಂಕ ನಮ್ಮ ಕೆಲವು ಕುಟುಂಬಗಳಲ್ಲಿದೆ. ಈ ಆತಂಕವನ್ನು ನಾವು ಹಗುರವಾಗಿ ಕಾಣುವುದಿಲ್ಲ. ಆದರೆ ಹುಟ್ಟುಕುರುಡನನ್ನು ಕಂಡಾಗ ಪಾಪ ಇವನದೋ ತಂದೆತಾಯಿಯದೋ ಎಂದು ಕೇಳಿದವರು ಶಿಷ್ಯರೇ ಎಂಬುದನ್ನು ನೆನೆಯಬೇಕು. ಬಾಗಿಲಿಗೆ ಬಂದವರನ್ನು ಆ ಪ್ರಶ್ನೆ ಕೇಳದೆ ಒಳಗೆ ಕರೆದು ಊಟಕ್ಕೆ ಕೂರಿಸುವವರು ಮನೆಯ ಸ್ವರೂಪವನ್ನು ಕಾಯುತ್ತಾರೆ. ಮೊಲೊಕಾಯ್ ದ್ವೀಪದ ಕುಷ್ಠರೋಗಿಗಳ ನಡುವೆ ಸಂತ ದಾಮಿಯನ್ನರು 1873ರಿಂದ 1889ರಲ್ಲಿ ತಾವೇ ಆ ರೋಗದಿಂದ ಮಡಿಯುವವರೆಗೆ ದುಡಿದರು. ಅವರ ಹೆಸರನ್ನು ಎಲ್ಲರೂ ಬಲ್ಲರು. ಅವರ ಕೊನೆಯ ತಿಂಗಳುಗಳಲ್ಲಿ ಅಲ್ಲಿಗೆ ಬಂದು, ಬಳಿಕ ಅವರ ಬಾಲಕರ ಮನೆಯ ಭಾರವನ್ನೂ ಹೊತ್ತ ಧರ್ಮಭಗಿನಿ ಮರಿಯಾನ್ ಕೋಪ್ ಅವರನ್ನು ನೆನೆಯುವವರು ಕಡಿಮೆ. ಅವರು ಅಮೆರಿಕದ ಸಿರಕ್ಯೂಸ್ ನಗರದಲ್ಲಿ ಆಸ್ಪತ್ರೆಯೊಂದನ್ನು ನಡೆಸಿ ಅನುಭವ ಪಡೆದವರು. ಶುಚಿತ್ವದ ಕಟ್ಟುನಿಟ್ಟಿನಿಂದ ತಮ್ಮ ಭಗಿನಿಯರಲ್ಲಿ ಒಬ್ಬರಿಗೂ ರೋಗ ತಗುಲದಂತೆ ನೋಡಿಕೊಂಡರು. 1918ರಲ್ಲಿ ತೀರಿಕೊಳ್ಳುವವರೆಗೆ ಅಲ್ಲಿಯೇ ಇದ್ದರು. ದಾಮಿಯನ್ನರಂಥವರು ಕಟ್ಟಿದ್ದನ್ನು ಉಳಿಸಲು ದಾಮಿಯನ್ನರಂಥವರೇ ಬೇಕೆಂದಿಲ್ಲ. ಧರ್ಮಸಭೆ 2009ರಲ್ಲಿ ಒಬ್ಬರನ್ನೂ 2012ರಲ್ಲಿ ಇನ್ನೊಬ್ಬರನ್ನೂ ಸಂತರೆಂದು ಸಾರಿತು.

ಇನ್ನು ಹಳೆಯ ಮುಖ್ಯಸ್ಥರ ಮಾತು. ಅಧಿಕಾರ ಬಿಟ್ಟುಕೊಟ್ಟ ಮೇಲೂ ಅದೇ ಆವರಣದಲ್ಲಿ ಕೋಣೆ ಉಳಿಸಿಕೊಂಡು, ಸಿಬ್ಬಂದಿಯ ದೂರುಗಳನ್ನು ಜಗಲಿಯ ಮೇಲೆ ಕೇಳುತ್ತ ಕುಳಿತರೆ ಹೊಸಬರು ಒಂದು ವರ್ಷವೂ ನಿಲ್ಲಲಾರರು. ಸಂತ ಕಮಿಲಸರು 1607ರಲ್ಲಿ ತಾವೇ ಸ್ಥಾಪಿಸಿದ ಸಭೆಯ ಶ್ರೇಷ್ಠಾಧಿಕಾರವನ್ನು ಬಿಟ್ಟುಕೊಟ್ಟು, ಉಳಿದ ಏಳು ವರ್ಷ ರೋಗಿಗಳ ಹಾಸಿಗೆಗಳ ಬಳಿ ಕಳೆದರು. ಅಷ್ಟು ವಿನಯ ಸಾಧ್ಯವಿಲ್ಲದವರು ಒಂದು ವರ್ಷ ಬೇರೆ ಊರಿನಲ್ಲಿ ಇರುವುದು ಲೇಸು.

ಸಂದರ್ಶನವನ್ನು ಧರ್ಮಾಧ್ಯಕ್ಷರ ನಿವಾಸದ ಸಭಾಂಗಣದಲ್ಲಿ ನಡೆಸದೆ ಆ ಮನೆಯಲ್ಲಿಯೇ ನಡೆಸಲಿ ಎಂಬುದು ನಮ್ಮ ಕೋರಿಕೆ. ಆಯ್ಕೆ ಸಮಿತಿಯಲ್ಲಿ ಅಲ್ಲಿನ ನಿವಾಸಿಗಳಿಬ್ಬರಾದರೂ ಇರಲಿ. ಅಭ್ಯರ್ಥಿಗಳು ಮೂರು ದಿನ ಅಲ್ಲಿಯೇ ತಂಗಿ, ಎಲ್ಲರೊಂದಿಗೆ ಉಂಡು, ಕಳೆದ ವರ್ಷದ ಲೆಕ್ಕಪತ್ರಗಳನ್ನು ಓದಿ, ಒಬ್ಬರ ಜೊತೆಗಾರರಾಗಿ ಹಾಸನದ ಎ.ಆರ್.ಟಿ. ಕೇಂದ್ರದ ಸಾಲಿನಲ್ಲಿ ನಿಂತು ಬರಲಿ. ಪ್ರಶ್ನೆಗಳನ್ನು ಆಮೇಲೆ ಕೇಳಬಹುದು.